ಸಿಡ್ನಿಯಿಂದ ಬಂದ ಜಪಾನಿ ಹಸು

ಎರಡು ಸಾವಿರದ ಎಂಟನೇ ಇಸವಿ, ಅಕ್ಟೋಬರ್ ತಿಂಗಳ ಮೊದಲ ಭಾನುವಾರ. ಮೆಲ್ಬರ್ನಿನಲ್ಲಿ ವಸಂತ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಳಿಗ್ಗೆ ಏಳೂವರೆ ಗಂಟೆ. ಅಂದೇ ಅಲ್ಲಿಯ ಸರ್ಕಾರದವರು ಬೇಸಿಗೆಯ ಬೆಳಕು ಉಳಿಸಲೆಂದು ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು. ಇಂದಿರಮ್ಮನವರ ಕೈಗಡಿಯಾರ ಅದಕ್ಕೆ ಒಪ್ಪಿರಲಿಲ್ಲ. ಹಾಗಾಗಿ ಈ ಸಂಗತಿ ಏಳೂವರೆಗೆ ಶುರುವಾಯಿತೋ ಆರೂವರೆಗೋ ಎನ್ನುವುದರಲ್ಲಿ ಆ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಡ್ಯಾಂಡಿನಾಂಗಿನ ಬಾಡಿಗೆ ಮನೆಯ ಅಡುಗೆಕೋಣೆ. ಬದರಿನಾಥ ಟೋಸ್ಟರಿನ ಮುಂದೆ ನಿಂತು ಬ್ರೆಡ್ಡು ಮೇಲೆ ಬರುವುದನ್ನೇ ಕಾಯುತ್ತಿದ್ದ. ಅವನ ತಾಯಿ ಇಂದಿರಮ್ಮ ಮೈಸೂರಿನಿಂದ ಬಂದು ಮೂರು ವಾರವಾಗಿತ್ತು. ಕ್ರಾನ್‌ಬರ್ನಿನಲ್ಲಿ ಕಟ್ಟಿಸಿದ ಮನೆಯ ಕೀಲಿ ಕೈಗೆ ಬಂದು ನಾಲ್ಕು ದಿನ. ಮುಹೂರ್ತವೂ ಗೊತ್ತಾಗಿತ್ತು: ನವೆಂಬರ್ ಹತ್ತು, ಸೋಮವಾರ, ಉತ್ಥಾನ ದ್ವಾದಶಿ, ಬೆಳಿಗ್ಗೆ ಏಳು ಹತ್ತರಿಂದ ಏಳು ನಲವತ್ತರೊಳಗೆ.

"ಹಸು?" ಎಂದರು ಇಂದಿರಮ್ಮ, ಕಾಫಿ ಸೋಸುತ್ತ, ತಲೆ ಎತ್ತದೆ.

"ವ್ಯವಸ್ಥೆ ಆಗಿದೆ ಅಮ್ಮ," ಎಂದ ಬದರಿನಾಥ.

ಆಗಿರಲಿಲ್ಲ. ಹಸು ಬೇಕು ಎನ್ನುವುದೇ ಅವನಿಗೆ ಹೊಳೆದಿರಲಿಲ್ಲ. ಆದರೆ ಯಾರು ಏನು ಕೇಳಿದರೂ ಮೊದಲು 'ಆಗಿದೆ' ಎಂದುಬಿಡುವುದು, ಆಮೇಲೆ ಓಡಾಡುವುದು ಅವನ ಹುಟ್ಟುಗುಣ. ಆಫೀಸಿನಲ್ಲಿ ಅವನ ಕೆಲಸವೇ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ತನ್ನ ಮಾತಿನಲ್ಲಿ ಹುಡುಕುವ ಕೆಲಸವನ್ನು ಅವನು ಹೆಂಡತಿ ಅಹಲ್ಯಾಳಿಗೆ ಬಿಟ್ಟುಕೊಟ್ಟಿದ್ದ.

ಇಂದಿರಮ್ಮನವರ ಹಸುವಿನ ಹಟಕ್ಕೆ ಕಾರಣವಿತ್ತು. ಎಪ್ಪತ್ತೇಳರಲ್ಲಿ ಸರಸ್ವತೀಪುರದ ಮನೆಯ ಗೃಹಪ್ರವೇಶಕ್ಕೆ ತಂದಿದ್ದ ಹಸು ಹೊಸ್ತಿಲ ತನಕ ಬಂದು ನಿಂತುಬಿಟ್ಟಿತ್ತು. ಮುಂದಿನಿಂದ ಎಳೆದರು, ಹಿಂದಿನಿಂದ ತಳ್ಳಿದರು, ಬೆಲ್ಲ ತೋರಿಸಿದರು. ಬದರಿನಾಥನ ತಂದೆ, ಅಂಚೆ ಕಚೇರಿಯ ಗುಮಾಸ್ತರು, ಬಗಲಲ್ಲಿ ಮೃದಂಗ ಇಟ್ಟುಕೊಂಡು ಹಸುವಿನ ಹಿಂದೆ ಒಂದು ಗಂಟೆ ಕಾದರು. ಹಸು ಬೆಲ್ಲ ತಿಂದು ತಿರುಗಿ ಹೋಯಿತು. ಅಂದಿನಿಂದ ಆ ಮನೆಯಲ್ಲಿ ನಲ್ಲಿ ಸೋರಿದರೆ ಹಸು, ಬಾವಿ ಬತ್ತಿದರೆ ಹಸು, ಬದರಿನಾಥ ಪಿಯುಸಿ ಗಣಿತದಲ್ಲಿ ಎರಡು ಸಲ ಕೂತದ್ದೂ ಹಸು. ನೆಂಟರು ಮೂವತ್ತು ವರ್ಷ ಅದನ್ನೇ ಆಡಿಕೊಂಡರು. ಇಂದಿರಮ್ಮ ಒಂದು ದಿನವೂ ಎದುರು ಮಾತಾಡಲಿಲ್ಲ, ಮರೆಯಲೂ ಇಲ್ಲ.

"ಹಸು ಹೋಗದ ಮನೆಗೆ ನಾನು ಕಾಲಿಡಲ್ಲ ಕಣೋ. ಒಂದು ಸಲ ಇಟ್ಟು ನೋಡಿದೀನಿ," ಎಂದರು. "ಹನ್ನೆರಡನೇ ತಾರೀಕು ಬುಧವಾರಕ್ಕೆ ನನ್ನ ಟಿಕೆಟ್ ಬದಲಾಯಿಸಿ ಇಡು. ಹಸು ಬಂದ್ರೆ ಕ್ಯಾನ್ಸಲ್ ಮಾಡು. ಬರದಿದ್ರೆ ನಾನು ಹೊರಟೆ."

ಮಾತು ಆಡಿದ ಮೇಲೆ ಪೆಟ್ಟಿಗೆಯನ್ನೂ ಕಟ್ಟಿ ಬಾಗಿಲ ಪಕ್ಕ ಇಟ್ಟರು. ಪೆಟ್ಟಿಗೆಯ ಮೇಲೆ ತೀರಿಹೋದ ಗಂಡನ ಮೃದಂಗ ಇತ್ತು. ಅದನ್ನು ಅವರು ಮಗನ ಹೊಸ ಮನೆಗೆಂದೇ ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಅದಕ್ಕೆ ಹೊದಿಸಿರುವುದು ಯಾವ ಪ್ರಾಣಿಯ ಚರ್ಮವೆಂದು ಕೇಳಿ, ಮೂಸಿ, ದೀಪ ಬಿಟ್ಟು, ಮುಕ್ಕಾಲು ಗಂಟೆ ನಿಲ್ಲಿಸಿಕೊಂಡಿದ್ದರು.

ಬದರಿನಾಥ ಹಸು ಹುಡುಕಲು ಹೊರಟ. ಡೈರಿಯವರಿಗೆ ಫೋನ್ ಮಾಡಿದ. ಅವರು ಎಷ್ಟು ಲೀಟರ್ ಬೇಕೆಂದು ಕೇಳಿದರು. ಹಾಲು ಬೇಡ, ಹಸು ಹಾಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು ಎಂದ. ಅವರು ಫೋನ್ ಇಟ್ಟರು. ಮಕ್ಕಳ ಹುಟ್ಟುಹಬ್ಬಕ್ಕೆ ಪ್ರಾಣಿಗಳನ್ನು ಕರೆತರುವವನೊಬ್ಬ ಕುರಿ, ಮೊಲ, ಒಂದು ಮುದಿ ಕುದುರೆ ಇದೆ, ಆಗಬಹುದಾ ಎಂದ. ಹೀಗೇ ಮೂರು ವಾರ ಕಳೆಯಿತು. ದಿನಾ ಬೆಳಿಗ್ಗೆ ಇಂದಿರಮ್ಮ ಕೇಳುವುದು, ಇವನು 'ಆಗಿದೆ' ಎನ್ನುವುದು, ಪೆಟ್ಟಿಗೆ ಬಾಗಿಲ ಪಕ್ಕ ಕೂತು ಇಬ್ಬರನ್ನೂ ನೋಡುವುದು.

ಅಕ್ಟೋಬರ್ ಕೊನೆಯಲ್ಲಿ ಆಫೀಸಿನ ಕೆಲಸಕ್ಕೆ ಅವನನ್ನು ಎರಡು ದಿನ ಸಿಡ್ನಿಗೆ ಕಳಿಸಿದರು. ಎರಡನೆಯ ದಿನ ಕೆಲಸ ಬೇಗ ಮುಗಿಯಿತು. ಚಾಟ್ಸ್‌ವುಡ್ಡಿನ ಬೀದಿಯಲ್ಲಿ ಮಳೆ ಹಿಡಿದಾಗ ಅವನು ತೆರೆದಿದ್ದ ಒಂದು ಬಾಗಿಲಿಗೆ ನುಗ್ಗಿದ. ಒಳಗೆ ಚಿತ್ರ ಪ್ರದರ್ಶನ. ಇಂದಿನ ಜಪಾನಿ ಚಿತ್ರಕಾರರು ಬರೆದ ಪ್ರಾಣಿಗಳು. ತಂತಿಯ ಮೇಲೆ ಕೂತ ಕಾಗೆ. ಬೆನ್ನು ತಿರುಗಿಸಿ ಕೋಪ ಮಾಡಿಕೊಂಡ ಕೋತಿ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಬಂದವರನ್ನು ಲೆಕ್ಕ ಹಾಕುತ್ತಿದ್ದ ಬೆಕ್ಕು. ಪ್ರಾಣಿಯ ಸುತ್ತ ಮರವಿಲ್ಲ, ಬೇಲಿಯಿಲ್ಲ, ಬರೀ ಖಾಲಿ ಜಾಗ. ಕ್ರಾನ್‌ಬರ್ನಿನ ತನ್ನ ಮನೆಯೂ ಸದ್ಯಕ್ಕೆ ಹೀಗೇ ಇದೆಯಲ್ಲ ಎಂದುಕೊಳ್ಳುತ್ತ ಅವನು ಮೂಲೆ ತಿರುಗಿದ. ತಿರುಗಿದವನು ತಟ್ಟನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಎದುರಿಗೆ ಹಸು ಬರುತ್ತಿತ್ತು.

ನಾಲ್ಕು ಹಲಗೆಯ, ಮಡಿಚುವ ದೊಡ್ಡ ಪರದೆ. ಅದರ ಉದ್ದಕ್ಕೂ ನಿಜದ ಅಳತೆಯ ಕಪ್ಪು ಹಸು, ಹಿಂದೆ ಕರು. ಮೂಗಿನ ಮೇಲೆ ತೇವ. ಕಿವಿಯೊಳಗಿನ ಒಂದೊಂದು ಕೂದಲೂ ಬೇರೆ ಬೇರೆ. ಬದರಿನಾಥ ಒಂದು ನಿಮಿಷ ಉಸಿರಾಡಲಿಲ್ಲ. ಆಮೇಲೆ ಎರಡು ನಿಮಿಷದ್ದನ್ನು ಒಟ್ಟಿಗೆ ಎಳೆದುಕೊಂಡ.

ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಎಪ್ಪತ್ತರ ಹೆಂಗಸು ಎದ್ದು ಬಂದು ಬಗ್ಗಿ ನಮಸ್ಕಾರ ಮಾಡಿದರು. ಹೆಸರು ಫುಮಿಕೊ, ಹಸು ಬರೆದವರು. ಪ್ರದರ್ಶನ ಶುರುವಾಗಿ ಹತ್ತು ದಿನವಾಯಿತು, ಎಲ್ಲರೂ ಹೊಗಳಿದರು, ಆದರೆ ಅದಕ್ಕೆ ದಾರಿ ಬಿಟ್ಟವರು ನೀವೊಬ್ಬರೇ ಎಂದರು, ಇಂಗ್ಲಿಷಿನಲ್ಲಿ. ಬದರಿನಾಥ ಗೃಹಪ್ರವೇಶ, ಮುಹೂರ್ತ, ಸರಸ್ವತೀಪುರ, ಪೆಟ್ಟಿಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಫುಮಿಕೊ ಕಣ್ಣರಳಿಸಿ ಕೇಳಿದರು. ಅವರ ದೇಶದ ಲೆಕ್ಕದಲ್ಲಿ ಮುಂದಿನ ವರ್ಷ ಹಸುವಿನ ವರ್ಷವಂತೆ. ಎಂಟನೇ ತಾರೀಕು ಪ್ರದರ್ಶನ ಮುಗಿಯುತ್ತದೆ, ಹತ್ತಕ್ಕೆ ವ್ಯಾನಿನಲ್ಲಿ ನಾನೇ ಕರೆತರುತ್ತೇನೆ, ಒಂದು ದಿನ ನಿಮ್ಮಲ್ಲಿದ್ದು ವಾಪಸ್ ಬರುತ್ತೇವೆ ಎಂದರು. ಕೊಂಡು ಗೋಡೆಗೆ ನೇತುಹಾಕಿದವರಿದ್ದಾರೆ, ನಡೆದುಬರಲಿ ಎಂದು ಕರೆದವರು ಇದುವರೆಗೆ ಯಾರೂ ಇರಲಿಲ್ಲವಂತೆ.

ಬದರಿನಾಥ ಬೀದಿಗೆ ಬಂದು ಮಳೆಯಲ್ಲೇ ತಾಯಿಗೆ ಫೋನ್ ಮಾಡಿದ.

"ಅಮ್ಮಾ, ಹಸು ಸಿಕ್ತು. ಸಿಡ್ನಿಯಲ್ಲಿ. ಜಪಾನಿಂದು."

ಆ ಕಡೆ ಇಂದಿರಮ್ಮ ಅಳುತ್ತಿದ್ದರು. ಅವರು ಅತ್ತದ್ದನ್ನು ಬದರಿನಾಥ ತನ್ನ ಜೀವಮಾನದಲ್ಲಿ ಎರಡು ಸಲ ಕೇಳಿದ್ದ. ಚಿತ್ರ ಎನ್ನುವ ಮಾತು ಅವನ ಗಂಟಲಿಗೆ ಬಂದು, ಸರಸ್ವತೀಪುರದ ಹಸುವಿನ ಹಾಗೆ ಹೊಸ್ತಿಲಲ್ಲೇ ನಿಂತುಬಿಟ್ಟಿತು.

"ಬಣ್ಣ ಏನೋ?" ಎಂದರು ಮೂಗೊರೆಸಿಕೊಂಡು.

"ಕಪ್ಪು."

"ಕರು?"

"ಪಕ್ಕದಲ್ಲೇ ಇದೆ."

"ಹಾಯುತ್ತಾ?"

"ಇಲ್ಲಮ್ಮ. ತುಂಬ ಸಾಧು. ನಿಲ್ಲಿಸಿದ ಕಡೆ ನಿಂತಿರುತ್ತೆ."

ಒಂದೊಂದು ಉತ್ತರವೂ ನಿಜ. ಬದರಿನಾಥ ಅಷ್ಟು ನಿಜವನ್ನು ಒಟ್ಟಿಗೆ ಅದಕ್ಕೆ ಮೊದಲು ಎಂದೂ ಆಡಿದವನಲ್ಲ.

ತೊಂದರೆಯೆಂದರೆ, ಆ ಹೊತ್ತಿನಲ್ಲಿ ಇಂದಿರಮ್ಮನವರ ಪಕ್ಕ ರತ್ನವ್ವ ಕೂತಿದ್ದರು. ಗದಗದವರು, ಕ್ರಾನ್‌ಬರ್ನಿನಲ್ಲಿ ಮಗಳ ಮನೆಗೆ ಬಂದಿದ್ದವರು, ಕೆಲಸವಿಲ್ಲದೆ ಬೇಸತ್ತಿದ್ದವರು. ಅವರ ಕೈಗೆ ಈಗ ಜಪಾನಿ ಹಸು ಸಿಕ್ಕಿತು. ಸಂಜೆಯ ಹೊತ್ತಿಗೆ ಬಾಕ್ಸ್ ಹಿಲ್ ತನಕ ಸುದ್ದಿ. ಮರುದಿನ ಹಸು ವಿಮಾನದಲ್ಲಿ ಬರುತ್ತಿತ್ತು. ಅದರ ಮರುದಿನ ದಿನಕ್ಕೆ ನಲವತ್ತು ಲೀಟರ್ ಕೊಡುತ್ತಿತ್ತು. ಕರೆದದ್ದು ಇಪ್ಪತ್ತು ಜನವನ್ನು, ಬರುತ್ತೇವೆ ಎಂದವರು ತೊಂಬತ್ತು. ಬಾಣಂತಿಯೊಬ್ಬಳು ಕೂಸನ್ನು ಹಸುವಿನ ಹೊಟ್ಟೆಯ ಕೆಳಗೆ ಒಮ್ಮೆ ದಾಟಿಸಬೇಕೆಂದು ಹೆಸರು ಬರೆಸಿದಳು. ನೀರಾವರಿ ಇಲಾಖೆಯಲ್ಲಿ ನಿವೃತ್ತರಾದ ಚನ್ನಮಲ್ಲಪ್ಪನವರು ಗಂಜಲಕ್ಕೆಂದು ಎರಡು ಲೀಟರಿನ ಜ್ಯೂಸ್ ಬಾಟಲಿ ತೊಳೆದು ಒಣಗಿಸಿ ಇಟ್ಟುಕೊಂಡರು.

ಅಹಲ್ಯಾಳಿಗೆ ಮಾತ್ರ ಬದರಿನಾಥ ನಿಜ ಹೇಳಿದ. ಅವಳು ಬಹಳ ಹೊತ್ತು ನಕ್ಕಳು, ಆಮೇಲೆ ಗಂಭೀರಳಾದಳು. "ಅಮ್ಮನಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ," ಎಂದಳು. ದಿನಾ ಬೆಳಿಗ್ಗೆ ಈಗ ಎರಡು ಪ್ರಶ್ನೆ. "ಹಸು ಹೇಗಿದೆಯಂತೆ?" ಎಂದು ತಾಯಿ, "ಹೇಳಿದ್ರಾ?" ಎಂದು ಹೆಂಡತಿ.

ಈ ನಡುವೆ ನವೆಂಬರಿನ ಮೊದಲ ಮಂಗಳವಾರ ಬಂತು. ಅಂದು ಮೆಲ್ಬರ್ನಿನಲ್ಲಿ ಕುದುರೆ ಓಡುತ್ತದೆಂದು ಊರಿಗೆಲ್ಲ ರಜೆ. ಇಂದಿರಮ್ಮ ಟಿವಿಯಲ್ಲಿ ಅದನ್ನು ನೋಡಿ, ಕುದುರೆ ಓಡಿದರೆ ರಜೆ ಕೊಡುವ ಜನ ಹಸು ನಡೆದರೆ ಬೇಡ ಅನ್ನಲಾರರು ಎಂದು ಸಮಾಧಾನಪಟ್ಟುಕೊಂಡರು.

ಬೇಡ ಅನ್ನಲಿಲ್ಲ, ಆದರೆ ವಿಚಾರಿಸಲು ಬಂದರು. ರತ್ನವ್ವನವರ ಅಳಿಯ ಒಳ್ಳೆಯ ಮನಸ್ಸಿನಿಂದಲೇ ಕೌನ್ಸಿಲ್ಲಿಗೆ, ಅಂದರೆ ಅಲ್ಲಿಯ ನಗರಸಭೆಗೆ, ಫೋನ್ ಮಾಡಿ, ವಿದೇಶಿ ಹಸುವಿಗೆ ಪರ್ಮಿಟ್ ಬೇಕಾಗುತ್ತದೆಯೇ ಎಂದು ವಿಚಾರಿಸಿದ್ದ. ಗುರುವಾರ ಕೌನ್ಸಿಲ್ಲಿನ ಪ್ರಾಣಿ ವಿಭಾಗದ ಹೆಂಗಸೊಬ್ಬಳು ಹೊಸ ಮನೆಯ ಮುಂದೆ ವ್ಯಾನ್ ನಿಲ್ಲಿಸಿ, ಫಾರಂ ಹಿಡಿದು ಇಳಿದಳು. ಪಕ್ಕದ ಮನೆಯ ಕೆನ್ ಬೇಲಿಗೆ ಒರಗಿ ನಿಂತ. ಅವನು ಮೂವತ್ತು ವರ್ಷ ಗಿಪ್ಸ್‌ಲ್ಯಾಂಡಿನಲ್ಲಿ ಹಸು ಕಟ್ಟಿ, ವಯಸ್ಸಾಯಿತೆಂದು ಮಾರಿ ಬಂದವನು. ಹಸು ಎಂಬ ಮಾತು ಕಿವಿಗೆ ಬಿದ್ದರೆ ಹಾಸಿಗೆಯಿಂದ ಎದ್ದು ಬರುವವನು.

ಅವಳು ಕೇಳುತ್ತ ಹೋದಳು, ಬದರಿನಾಥ ಹೇಳುತ್ತ ಹೋದ. ಎತ್ತರ ಐದೂವರೆ ಅಡಿ. ವಾಸ ಒಂದು ದಿನ. ಮೇವು ಇಲ್ಲ. ಸಗಣಿ ಇಲ್ಲ. ತೂಕ ಇಪ್ಪತ್ತೆಂಟು ಕಿಲೋ.

ಅವಳು ಪೆನ್ನು ನಿಲ್ಲಿಸಿದಳು. ಐದೂವರೆ ಅಡಿಯ, ಇಪ್ಪತ್ತೆಂಟು ಕಿಲೋದ, ಒಂದು ದಿನವಿಡೀ ಏನೂ ತಿನ್ನದ ಹಸುವನ್ನು ನೀವು ಸಾಕುತ್ತಿದ್ದರೆ ನಾನು ಬೇರೆಯೇ ಫಾರಂ ತರಬೇಕಾಗುತ್ತದೆ ಎಂದಳು.

ಬದರಿನಾಥ ಸುತ್ತ ನೋಡಿ, ದನಿ ತಗ್ಗಿಸಿ, ಅದು ಮಡಿಚುತ್ತದೆ ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ಹೆತ್ತ ತಾಯಿಗೆ ಹತ್ತು ದಿನದಿಂದ ಹೇಳಲಾಗದ್ದನ್ನು ಗುರುತಿಲ್ಲದ ಅಧಿಕಾರಿಗೆ ಐದು ನಿಮಿಷದಲ್ಲಿ ಹೇಳಿದ. ಅವಳು ಕೇಳಿ, ಆಕ್ಷೇಪಣೆ ಇಲ್ಲ ಎಂದು ಬರೆದು, ಸೋಮವಾರ ನಾನೂ ಬರಬಹುದೇ ಎಂದು ಕೇಳಿದಳು. ಕೆನ್‌ಗೆ ಬೇಲಿಯಾಚೆ ಏನೂ ಕೇಳಿಸಿರಲಿಲ್ಲ. ಪರ್ಮಿಟ್ ಸಿಕ್ಕಿತೆಂದು ತಿಳಿದು ಅವನು ಹಗ್ಗ ಹುಡುಕಲು ಒಳಗೆ ಓಡಿದ.

ಸೋಮವಾರ ಬೆಳಿಗ್ಗೆ ಆರೂವರೆಗೆ ಆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ರೇಷ್ಮೆ ಸೀರೆಗಳು, ಬಾಳೆಹಣ್ಣು, ನೆನೆಸಿದ ಕಡಲೆ, ಬೆಲ್ಲ. ಕೆನ್ ಎರಡು ಹೊರೆ ಒಣಹುಲ್ಲು ತಂದು ಗ್ಯಾರೇಜಿನ ಮುಂದೆ ಒಟ್ಟಿದ್ದ. ಕೌನ್ಸಿಲ್ಲಿನ ವ್ಯಾನೂ ಬಂದು ನಿಂತದ್ದು ನೋಡಿ ಜನಕ್ಕೆ ಇದ್ದ ಚೂರುಪಾರು ಅನುಮಾನವೂ ಹೋಯಿತು. ಪುರೋಹಿತರು ಸತ್ಯನಾರಾಯಣ, ವಾರದ ದಿನಗಳಲ್ಲಿ ಬಾಕ್ಸ್ ಹಿಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು, ಅಂದು ರಜೆ ಹಾಕಿದ್ದರು. ಇಂದಿರಮ್ಮ ಹೊಸ್ತಿಲ ಹೊರಗೆ ಮೃದಂಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅವರ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲೇ ಇತ್ತು.

"ಹೇಳಿದ್ರಾ?" ಎಂದಳು ಅಹಲ್ಯಾ.

"ಹೇಳ್ತೀನಿ," ಎಂದ ಬದರಿನಾಥ. ವ್ಯಾನ್ ತಿರುವಿನಲ್ಲಿ ಕಾಣಿಸಿತು.

ತೊಂಬತ್ತು ಜನ ಒಮ್ಮೆಗೇ ಮುಂದೆ ನುಗ್ಗಿದರು. ಕೆನ್ ಹಗ್ಗದ ಕುಣಿಕೆ ಬಿಚ್ಚಿದ. ಹಿಂದಿನ ಬಾಗಿಲು ತೆರೆಯಿತು. ಇಬ್ಬರು ಗಂಡಸರು ಬಟ್ಟೆ ಸುತ್ತಿದ ದೊಡ್ಡ ಹಲಗೆಯಂಥದ್ದನ್ನು ಇಳಿಸಿದರು. ಅವರ ಹಿಂದೆ ಫುಮಿಕೊ ಇಳಿದು ಬಗ್ಗಿದರು. ರತ್ನವ್ವ ವ್ಯಾನಿನೊಳಕ್ಕೆ ತಲೆ ಹಾಕಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಆಕಳ ಎಲ್ಲೈತೋ ತಮ್ಮಾ?"

ಫುಮಿಕೊ ಅಂಗಳದಲ್ಲಿ ಬಟ್ಟೆ ಬಿಚ್ಚಿ ನಾಲ್ಕೂ ಹಲಗೆ ಬಿಡಿಸಿದರು. ಬೆಳಗಿನ ಬಿಸಿಲು ಹಸುವಿನ ಮೇಲೆ ಬಿತ್ತು.

ಕೆನ್ ಹಗ್ಗವನ್ನು ಮತ್ತೆ ಸುತ್ತಿಕೊಂಡ. ಚನ್ನಮಲ್ಲಪ್ಪನವರು ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಬದರಿನಾಥನ ಬಾಯಿ ಮೂರು ಸಲ ತೆರೆದು ಮುಚ್ಚಿತು. ಕೊನೆಗೆ ಬಂದದ್ದು ಒಂದೇ: "ಅಮ್ಮ, ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ಹೇಳಲಿಲ್ಲ."

ಇಂದಿರಮ್ಮ ಎದ್ದರು. ಮೃದಂಗವನ್ನು ಬಗಲಿಗೆ ತೆಗೆದುಕೊಂಡು ಹಸುವಿನ ಹತ್ತಿರ ಹೋದರು. ಮೂಗು ನೋಡಿದರು, ಕಿವಿ ನೋಡಿದರು, ಕರುವನ್ನು ನೋಡಿದರು. ಮುಹೂರ್ತದ ಹತ್ತು ನಿಮಿಷ ಅಲ್ಲೇ ಹೋಯಿತು. ಆಮೇಲೆ, ಇದನ್ನು ಇವರು ಎಷ್ಟು ದಿನ ನೋಡಿದ್ದಾರೆ, ಕೇಳು ಎಂದರು ಮಗನಿಗೆ.

ನಾಲ್ಕು ವರ್ಷ ಎಂದರು ಫುಮಿಕೊ. ನಾನು ಹುಟ್ಟಿದ ಹಳ್ಳಿಯ ಹಸು, ಹೆಸರು ಕುರೊ, ದಿನಾ ಎದುರು ಕೂತು ಬರೆದೆ, ಈಗ ಅದಿಲ್ಲ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಆ ತಾಯಿ ಮೈಸೂರಿನ ತಾಯಿಯನ್ನು ಸಂತೋಷಪಡಿಸಬೇಕೆಂದು ಇನ್ನೊಂದು ಮಾತು ಸೇರಿಸಿದರು: ಇದು ಬರೀ ಚಿತ್ರವಲ್ಲ, ನಮ್ಮ ಬಣ್ಣ ಅರೆದ ಕಲ್ಲು, ಅದನ್ನು ಹಿಡಿದಿಡುವುದು ಹಸುವಿನ ಚರ್ಮ ಕುದಿಸಿ ತೆಗೆದ ಅಂಟು, ಆದ್ದರಿಂದ ಇದರಲ್ಲಿ ನಿಜವಾಗಿಯೂ ಹಸುವಿದೆ.

ಬದರಿನಾಥ ತಾಯಿಯ ಕಡೆ ತಿರುಗಿದ. "ಏನೋ... ಮರದ ಅಂಟು ಅಂತಿದಾರೆ," ಎಂದ.

"ಹಸುವಿನ ಚರ್ಮದ ಅಂಟು ಅಮ್ಮ," ಎಂದಳು ಅಹಲ್ಯಾ. "ಇವತ್ತಾದ್ರೂ ಪೂರ್ತಿ ಹೇಳಿ ಅಂದ್ರೆ."

ಸತ್ಯನಾರಾಯಣರು ಎರಡು ಹೆಜ್ಜೆ ಹಿಂದೆ ಸರಿದರು. ರೇಷ್ಮೆ ಸೀರೆಗಳು ನಾಲ್ಕು ಹೆಜ್ಜೆ. ಮನೆಯೊಳಕ್ಕೆ ಹಸು ಬರಬೇಕು ಅಂದದ್ದು ಹೌದು, ಹಸುವಿನ ಚರ್ಮ ಬರಬೇಕು ಅಂತ ಯಾವ ಪುಸ್ತಕದಲ್ಲಿದೆ ಎಂದು ಯಾರೋ ಕೇಳಿದರು. ಇದಕ್ಕಿಂತ ಆ ಮುದಿ ಕುದುರೆಯೇ ಆಗುತ್ತಿತ್ತು ಎಂದು ಇನ್ಯಾರೋ. ರತ್ನವ್ವ ಗಲ್ಲಕ್ಕೆ ಕೈ ಹಚ್ಚಿ, "ಯವ್ವಾ, ಹೊಸ ಮನಿ, ಹಿಂಗಾತಲ್ಲ," ಎಂದರು. ಏಳು ಇಪ್ಪತ್ತಾರು. ಬದರಿನಾಥನ ಕಣ್ಣು ಕಾರಿನ ಡಿಕ್ಕಿಯ ಮೇಲಿತ್ತು.

ಇಂದಿರಮ್ಮ ಮೃದಂಗವನ್ನು ಬಗಲಿನಿಂದ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಬಲಗೈಯಿಂದ ಒಂದು ಪೆಟ್ಟು ಕೊಟ್ಟರು. ನಾದ ಬೀದಿಯ ಕೊನೆಯ ತನಕ ಹೋಯಿತು.

"ಇದಕ್ಕೇನು ಕಾಗದ ಹೊದಿಸಿದಾರಾ?" ಎಂದರು. "ಮೂವತ್ತು ವರ್ಷ ನಮ್ಮ ದೇವರ ಮನೇಲಿ ಇತ್ತು. ಇವನ ಅಪ್ಪ ದಿನಾ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋರು."

ರೇಷ್ಮೆ ಸೀರೆಗಳು ಎರಡು ಹೆಜ್ಜೆ ಮುಂದೆ ಬಂದವು.

"ಅಲ್ಲಿ ಬದುಕಿದ್ದ ಹಸು ಒಳಗೆ ಬರಲ್ಲ ಅಂತು. ಇದು ಸತ್ತ ಮೇಲೂ ಬರ್ತೀನಿ ಅಂತಿದೆ. ಬೇಡ ಅನ್ನೋಕೆ ನಾವ್ಯಾರು?" ಎಂದವರೇ ಸತ್ಯನಾರಾಯಣರ ಕಡೆ ತಿರುಗಿ, "ಹೊತ್ತಾಯ್ತು, ಮಂತ್ರ ಶುರು ಮಾಡಿ," ಎಂದರು.

ಅಲ್ಲಿಂದ ಆ ಬೀದಿಗೆ ಹಿಡಿದ ಹುರುಪು ನೋಡಬೇಕಿತ್ತು. ನಾ ಹೊರುತ್ತೇನೆ, ತಾ ಹೊರುತ್ತೇನೆ ಎಂದು ಹನ್ನೆರಡು ಜನ ಇಂಜಿನಿಯರುಗಳು ಹಸುವಿಗೆ ಕೈ ಹಚ್ಚಿದರು. ಬಾಲ ಮುಂದಾಗಿ ಹೊರಟಿದ್ದನ್ನು ಕೆನ್ ಕೂಗಿ ನಿಲ್ಲಿಸಿ, ತಲೆ ಮುಂದೆ ಮಾಡಿಸಿದ. ಅಷ್ಟರಲ್ಲಿ ಚನ್ನಮಲ್ಲಪ್ಪನವರು, ಹಸು ಎಡಗಾಲು ಮುಂದಿಟ್ಟಿದೆ, ಎಡಗಾಲಲ್ಲಿ ಒಳಗೆ ಬರುವುದು ಸರಿಯಲ್ಲ ಎಂದರು. ಮತ್ತೆ ಎಲ್ಲವೂ ನಿಂತಿತು. ಸತ್ಯನಾರಾಯಣರು ಎಕ್ಸ್‌ರೇ ನೋಡುವ ಹಾಗೆ ಕತ್ತು ವಾರೆ ಮಾಡಿ ಬಹಳ ಹೊತ್ತು ನೋಡಿದರು. ಎಡಗಾಲು ಆಗಲೇ ನೆಲದ ಮೇಲಿದೆ, ಅಂದರೆ ಇನ್ನು ಎತ್ತಿ ಇಡುವುದು ಬಲಗಾಲೇ, ನಡೆಯಿರಿ ಎಂದರು. ಆ ಆಸ್ಪತ್ರೆಯಲ್ಲಿ ಅವರಿಗೆ ಒಳ್ಳೆಯ ಹೆಸರಿರುವುದು ಸುಮ್ಮನೆ ಅಲ್ಲ.

ತಲೆ ಹೊಸ್ತಿಲು ದಾಟಿತು. ಎರಡನೆಯ ಹಲಗೆ ದಾಟಿತು. ಬಾಗಿಲ ಒಳಗೇ ಎಡಕ್ಕೊಂದು ತಿರುವಿತ್ತು. ಹಸು ಅಲ್ಲಿ ಸಿಕ್ಕಿಕೊಂಡಿತು. ಮುಖ ಗೋಡೆಗೆ, ಬಾಲ ಬೀದಿಗೆ, ಹೊಟ್ಟೆ ಸರಿಯಾಗಿ ಹೊಸ್ತಿಲ ಮೇಲೆ. ಮುಂದಿನವರು ಎಳೆದರು, ಹಿಂದಿನವರು ತಳ್ಳಿದರು. ಏಳು ಮೂವತ್ತಾರು. ಇಂದಿರಮ್ಮನವರ ಮುಖ ನೋಡುವ ಧೈರ್ಯ ಬದರಿನಾಥನಿಗಿರಲಿಲ್ಲ; ಅವನು ಏಳು ವರ್ಷದವನಾಗಿ ಅಪ್ಪನ ಪಂಚೆ ಹಿಡಿದು ನಿಂತಿದ್ದಾಗ ಕಂಡದ್ದೇ ಈಗಲೂ ಕಾಣುತ್ತಿತ್ತು.

ಇಂದಿರಮ್ಮ ಜನವನ್ನು ಸರಿಸಿಕೊಂಡು ಹತ್ತಿರ ಹೋದರು. ಆ ಕಡೆಯಿಂದ ಫುಮಿಕೊ ಬಗ್ಗಿ ಒಳಗೆ ನುಸುಳಿದರು. ಎರಡು ಭಾಷೆಯ ಇಬ್ಬರು ಮುದುಕಿಯರು ಹಸುವಿನ ಅಕ್ಕಪಕ್ಕ ನಿಂತು ಒಬ್ಬರನ್ನೊಬ್ಬರು ನೋಡಿದರು. ಫುಮಿಕೊ ಹಲಗೆಗಳ ನಡುವಿನ ಸಂದಿಯನ್ನು ಬೆರಳಿಂದ ಮುಟ್ಟಿ ತೋರಿಸಿದರು. ಇಂದಿರಮ್ಮ ಅಲ್ಲಿ ಅಂಗೈ ಇಟ್ಟು, "ಬಾ ತಾಯಿ," ಎಂದು ಮೆಲ್ಲಗೆ ಒತ್ತಿದರು. ಹಸು ಸೊಂಟದಲ್ಲಿ ಮಡಿಚಿ, ತಿರುವು ತಿರುಗಿ, ಕರುವಿನ ಸಮೇತ ಹಾಲ್‌ಗೆ ಬಂದು ನಿಂತಿತು. ಏಳು ಮೂವತ್ತೆಂಟು.

ಆಗ ಎದ್ದ ಗದ್ದಲಕ್ಕೆ ಕುದುರೆ ಓಟದ ದಿನದ ಗದ್ದಲ ಸಾಲದು. ಕೌನ್ಸಿಲ್ಲಿನವಳು ಚಪ್ಪಾಳೆ ತಟ್ಟಿದಳು. ಕೆನ್ ಬಾಗಿಲಲ್ಲಿ ನಿಂತು, ಇಷ್ಟು ಒಳ್ಳೆಯ ಹಸುವನ್ನು ನಾನೂ ಕಟ್ಟಿರಲಿಲ್ಲ ಎಂದು ಟೋಪಿ ತೆಗೆದ. ಬಾಣಂತಿ ಕೂಸನ್ನು ಪರದೆಯ ಒಂದು ಮಡಿಕೆಯ ಹಿಂದಿನಿಂದ ದಾಟಿಸಿಕೊಂಡಳು. ಅದೇ ಸಂಭ್ರಮದಲ್ಲಿ ರತ್ನವ್ವ, ಯಾರೂ ತಡೆಯುವ ಮೊದಲೇ, ಕುಂಕುಮದಲ್ಲಿ ಉಂಗುರ ಬೆರಳು ಅದ್ದಿ ಹಸುವಿನ ಹಣೆಗೆ ಒತ್ತಿಬಿಟ್ಟರು.

ಫುಮಿಕೊ ಅವರ ಕೈ ಮೇಲಕ್ಕೆ ಹೋಯಿತು. ನಾಲ್ಕು ವರ್ಷದ ಕೆಲಸದ ಮೇಲೆ ಗದಗದ ಬೆರಳು. ಫುಮಿಕೊ ಹತ್ತಿರ ಹೋಗಿ ಆ ಕೆಂಪು ಚುಕ್ಕೆಯನ್ನು ನೋಡಿದರು, ಹಿಂದೆ ಸರಿದು ನೋಡಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು. ಬದರಿನಾಥ ಈ ಸಲ ಒಂದಕ್ಷರವನ್ನೂ ಬಿಡದೆ ಕನ್ನಡಕ್ಕೆ ತಂದ: "ಮುಗಿದಿದೆ ಅಂದುಕೊಂಡಿದ್ರಂತೆ. ಇದೊಂದು ಬಾಕಿ ಇತ್ತು ಅಂತಿದಾರೆ."

ಆ ರಾತ್ರಿ ಹಸು ಹಾಲ್‌ನಲ್ಲಿ ಮಲಗಿತು. ಇಂದಿರಮ್ಮ ಅದರ ಮುಂದೆ ಚಾಪೆ ಹಾಸಿಕೊಂಡರು.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಫುಮಿಕೊ ಸಿಡ್ನಿಗೆ ಹೊರಟರು, ಹಸು ಕರು ಎರಡನ್ನೂ ಕರೆದುಕೊಂಡು. ದಾರಿಗೆ ಇರಲಿ ಎಂದು ಇಂದಿರಮ್ಮ ವ್ಯಾನಿನಲ್ಲಿ ಕೆನ್‌ನ ಒಂದು ಹೊರೆ ಹುಲ್ಲು ಇಡಿಸಿದರು. ವ್ಯಾನ್ ತಿರುವು ದಾಟಿದ ಮೇಲೆ ಕೈಗಡಿಯಾರ ಬಿಚ್ಚಿ, ಕೀಲಿ ಎಳೆದು, ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮತ್ತೆ ಕಟ್ಟಿಕೊಂಡರು.

ಬುಧವಾರ ಯಾರೂ ಹೊರಡಲಿಲ್ಲ.